ಒಂದು ಸಲ ಒತ್ತಿದರೆ ಸಾಕು

14 ಅಕ್ಟೋಬರ್ 2024, ಸೋಮವಾರ

ರುದ್ರೇಶ ಒಂದು ಡೈರಿ ತಂದುಕೊಟ್ಟಿದ್ದಾನೆ. ಕಾರ್ಖಾನೆಯಲ್ಲಿ ಯಾರೋ ಬಳಸದೇ ಬಿಟ್ಟ ಹೋದ ವರ್ಷದ್ದು. "ಬೈಯೂದಿದ್ರ ಇದರಾಗ ಬೈಯಿ, ನನಗ ಸೆಕೆಂಡ್ ಶಿಫ್ಟ್ ಐತಿ" ಎಂದು ಹೇಳಿ ಟಿಫಿನ್ ಡಬ್ಬಿ ಎತ್ತಿಕೊಂಡು ಹೋದ. ಗಂಡ ಹೆಂಡತಿಗೆ ಕೊಡುವ ಉಡುಗೊರೆ ಇದು. ಅಚ್ಚಾದ ತಾರೀಖು ಹೊಡೆದುಹಾಕಿ ನನ್ನದನ್ನು ಬರೆದುಕೊಳ್ಳುತ್ತಿದ್ದೇನೆ.

ಬೈಯಲು ಬೇಕಾದಷ್ಟಿದೆ. ಅತ್ತೆ ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡು, ಧಾರವಾಡದಲ್ಲಿ ಆಪರೇಶನ್ ಮಾಡಿಸಿಕೊಂಡು, ಚೌತಿಯಿಂದ ಈಚೆ ನಮ್ಮ ದಾಂಡೇಲಿ ಮನೆಯ ಮುಂದಿನ ಕೋಣೆಯಲ್ಲಿ ಮಲಗಿದ್ದಾರೆ. ಮಾವ ಅಡಿವೆಯ್ಯನವರು ತೀರಿಹೋದ ಮೇಲೂ ಹಳಿಯಾಳ ಪೇಟೆಯಲ್ಲಿ ಒಬ್ಬರೇ ಕಿರಾಣಿ ಅಂಗಡಿ ನಡೆಸಿದ ಕಾಶೆವ್ವ, ಈಗ ಮಗ್ಗುಲು ಬದಲಿಸಬೇಕೆಂದರೂ ನನ್ನನ್ನು ಕರೆಯಬೇಕು. ಹಳಿಯಾಳದಲ್ಲಿ ಕಂಪ್ಯೂಟರ್ ಪಾಠ ಹೇಳುವ ನನ್ನ ನೌಕರಿ ಹೋಯಿತು. ಬಿಡು ಎಂದು ಯಾರೂ ಹೇಳಲಿಲ್ಲ. ಬಿಡಬೇಡ ಎಂದೂ ಯಾರೂ ಹೇಳಲಿಲ್ಲ.

ಬೆಳಿಗ್ಗೆ ಉದಯಕುಮಾರ ಸರ್ ಬಂದಿದ್ದರು. ಜೋಯಿಡಾ ಕಡೆಯ ಕಾಡಿನ ಹಳ್ಳಿಗಳಿಂದ ಬಸುರಿಯರನ್ನು, ರೋಗಿಗಳನ್ನು ಆಸ್ಪತ್ರೆಗೆ ತರಲು ಎರಡು ಜೀಪು ಓಡಿಸುವ ಸಣ್ಣ ಸಂಸ್ಥೆ ಅವರದು. ಆ ದಾರಿಗಳಲ್ಲಿ ದೊಡ್ಡ ಗಾಡಿ ಹೋಗುವುದಿಲ್ಲ, ಜೀಪೇ ಬೇಕು. ಫೋನಿನಲ್ಲಿ ಜೀಪು ಕರೆಯುವ ಆ್ಯಪ್ ಮಾಡುತ್ತಿರುವವಳು ನಾನು. ಅದರ ಮಾಹಿತಿ ಇಡಲೆಂದು ಅವರ ಆಫೀಸಿನ ಮೂಲೆಯಲ್ಲಿ ಇಟ್ಟಿದ್ದ ಕಂಪ್ಯೂಟರು ಮೊನ್ನೆಯ ಸಿಡಿಲಿಗೆ ಸುಟ್ಟುಹೋಗಿದೆ.

"ಇನ್ನ ನಮ್ಮ ಆಫೀಸ್ನಾಗ ಮಷೀನ್ ಬ್ಯಾಡ್ರಿ ಮೇಡಂ. ಮಳಿ ಬಂದ್ರ ಕರೆಂಟಿಲ್ಲ, ಗುಡುಗಿದ್ರ ಮಷೀನಿಲ್ಲ. ಎಲ್ಲ್ಯರ ದೂರ ಇಡ್ರಿ."

ಹಾಗಾದರೆ ಸರ್ವರ್‌ಲೆಸ್ ಡೇಟಾಬೇಸ್, ಅಂದರೆ ಮಾಹಿತಿಯನ್ನು ದೂರದ ಯಾರದೋ ಕಂಪ್ಯೂಟರಿನಲ್ಲಿ ಬಾಡಿಗೆಗೆ ಇಡುವ ವ್ಯವಸ್ಥೆ ಹುಡುಕಬೇಕು. ಹೆಸರಿಗೆ ಮಾತ್ರ ಸರ್ವರ್ ಇಲ್ಲ. ಎಲ್ಲೋ ಇರುತ್ತದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ, ಕೆಲಸ ಮಾತ್ರ ಆಗಿರುತ್ತದೆ. ಮನೆಯ ಸೊಸೆಯ ಹಾಗೆ.

ಇಷ್ಟು ಬರೆಯುವಷ್ಟರಲ್ಲಿ ಅತ್ತೆ "ದ್ರಾಕ್ಷಾ" ಎಂದು ನನ್ನ ಹೆಸರು ಕೂಗಿದ್ದು ನಾಲ್ಕಾರು ಸಲ ಆಯಿತು. ನೀರು, ದಿಂಬು, ಕಿಟಕಿ, ಮತ್ತೆ ನೀರು.

19 ಅಕ್ಟೋಬರ್, ಶನಿವಾರ

ಕನ್ಯೆ ನೋಡಲು ಹೋದ ಹಾಗಾಗಿದೆ ನನ್ನ ಪರಿಸ್ಥಿತಿ. ಮೂರು ಡೇಟಾಬೇಸ್‌ಗಳನ್ನು ಎದುರಿಗೆ ಕೂರಿಸಿಕೊಂಡು ಹಾಡು ಹೇಳು, ರಂಗೋಲಿ ಹಾಕು ಎನ್ನುತ್ತಿದ್ದೇನೆ.

ಮೊದಲನೆಯದು ದೊಡ್ಡ ಮನೆತನದ್ದು. ಎಲ್ಲ ಬರುತ್ತದೆ, ಸದಾ ಎಚ್ಚರವಾಗಿರುತ್ತದೆ, ಯಾರೂ ಏನೂ ಕೇಳದಿದ್ದರೂ ಕೂತು ಉಣ್ಣುತ್ತದೆ. ಎರಡನೆಯದು ಹೊಸದು, ಬಹಳ ಚುರುಕು. ಆದರೆ ಒಂದು ಕೋಷ್ಟಕಕ್ಕೂ ಇನ್ನೊಂದಕ್ಕೂ ಸಂಬಂಧ ಕಟ್ಟುವುದು ಅದಕ್ಕೆ ಬಾರದು. ಊರು ಬೇರೆ ಕಡೆ, ಜೀಪು ಬೇರೆ ಕಡೆ, ಡ್ರೈವರ್ ಬೇರೆ ಕಡೆ. ನನಗೆ ಬೇಕಾದದ್ದೇ ಸಂಬಂಧ. ಮೊದಲು ಉದಯಕುಮಾರ ಸರ್ ಆಫೀಸಿನವರು ಹಾಳೆಯಲ್ಲಿ ಗುರುತು ಮಾಡಿಕೊಳ್ಳುತ್ತಿದ್ದಾಗ ಒಂದೇ ಜೀಪನ್ನು ಎರಡು ಊರಿಗೆ ಹೇಳಿ, ಒಂದು ಊರಿನವರು ಇಡೀ ದಿನ ರಸ್ತೆಯಲ್ಲಿ ಕೂತಿದ್ದರು. ಒಬ್ಬರಿಗೆ ಕೊಟ್ಟ ಜೀಪನ್ನು ಇನ್ನೊಬ್ಬರಿಗೆ ಕೊಡಲು ಬಿಡದಂಥ ಕಟ್ಟುನಿಟ್ಟು ಬೇಕು.

ಮೂರನೆಯದು ನನಗೆ ಹಿಡಿಸಿದೆ. ಸಂಬಂಧಗಳೆಲ್ಲ ಬರುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ, ಇಲ್ಲಿ ಕಾಲು ಎಷ್ಟಿದೆಯೋ ಹಾಸಿಗೆಯೇ ಅಷ್ಟಾಗುತ್ತದೆ. ಹೆಚ್ಚು ಜನ ಕೇಳಿದರೆ ಹಿಗ್ಗುತ್ತದೆ, ಕಡಿಮೆಯಾದರೆ ಕುಗ್ಗುತ್ತದೆ. ಐದು ನಿಮಿಷ ಯಾರೂ ಏನೂ ಕೇಳದಿದ್ದರೆ ಮಲಗಿಬಿಡುತ್ತದೆ. ಮಲಗಿದ ಹೊತ್ತಿಗೆ ಖರ್ಚಿಲ್ಲ.

"ಭಾರೀ ಶ್ಯಾಣ್ಯಾ ಅದರೀ ಇದು" ಎಂದರು ಉದಯಕುಮಾರ ಸರ್. "ಮಕ್ಕೊಂಡಾಗ ಪಗಾರ ಕೇಳದಂಥಾ ಆಳು ನಮಗ ಎಲ್ಲೆ ಸಿಗಬೇಕು."

ನನಗೂ ಅಸೂಯೆಯಾಯಿತು. ಐದು ನಿಮಿಷ ಯಾರೂ ಕರೆಯದಿದ್ದರೆ ಮಲಗಬಹುದು ಎಂದು ನನಗೂ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

24 ಅಕ್ಟೋಬರ್, ಗುರುವಾರ

ಪರೀಕ್ಷೆ ಮಾಡುತ್ತಿದ್ದೇನೆ. ಎಚ್ಚರವಿದ್ದಾಗ ಕಣ್ಣು ಮಿಟುಕಿಸುವುದರೊಳಗೆ ಉತ್ತರ. ಮಲಗಿದ್ದಾಗ ಕೇಳಿದರೆ ಎದ್ದು, ಕಣ್ಣುಜ್ಜಿ, ಸೆರಗು ಸರಿಮಾಡಿಕೊಂಡು ಬರುವುದಕ್ಕೆ ಹತ್ತು ಹನ್ನೆರಡು ಸೆಕೆಂಡು. ಅಷ್ಟರಲ್ಲಿ ಆ್ಯಪ್ ಕಾದು ಬೇಸತ್ತು ಕೈಬಿಡುತ್ತದೆ. ಎರಡನೇ ಸಲ ಒತ್ತಿದರೆ ಸಲೀಸು.

ಬಾಗಿಲ ಬಳಿ ನಿಂತು ಇದನ್ನು ರುದ್ರೇಶನಿಗೆ ಹೇಳುತ್ತಿದ್ದೆ. ಅತ್ತೆ ಹಾಸಿಗೆಯಿಂದಲೇ ಕಿವಿಗೊಟ್ಟಿದ್ದರು. "ಛಲೋನ ಐತಲ್ಲ. ಹೊತ್ತ ಮುಳುಗಿದ ಮ್ಯಾಲ ಮೊದಲನೇ ಕೂಗಿಗೆ ಓ ಅನಬಾರದು. ದೆವ್ವ ಒಮ್ಮೆ ಕರೀತಾವ, ಮನಶ್ಯಾರು ಮತ್ತೊಮ್ಮೆ ಕರೀತಾರ" ಎಂದರು. ರುದ್ರೇಶ ನಕ್ಕ. ನಾನೂ ನಕ್ಕೆ. ನನ್ನ ಡೇಟಾಬೇಸ್ ಹಿರಿಯರ ಮಾತು ಕೇಳುವಂಥದ್ದು ಎಂದಾಯಿತು.

"ಕನಿಷ್ಠ ಮಟ್ಟ" ಎಂದು ಡೇಟಾಬೇಸಿನ ಸೆಟ್ಟಿಂಗಿನಲ್ಲಿ ಒಂದು ಕಡೆ ಇದೆ. ಅಲ್ಲಿ ಸೊನ್ನೆ ಇಟ್ಟರೆ ಮಲಗುತ್ತದೆ, ಅರ್ಧ ಇಟ್ಟರೆ ಒಂದು ಕಣ್ಣು ತೆರೆದೇ ಇರುತ್ತದೆ. ಸೊನ್ನೆ ಇಟ್ಟೆ. ಉತ್ತರ ಬಾರದಿದ್ದರೆ "ಮತ್ತೊಮ್ಮೆ ಪ್ರಯತ್ನಿಸಿ" ಎಂದು ಪರದೆಯ ಮೇಲೆ ಬರುವಂತೆ ಮಾಡಿದೆ. ನಿಜವಾಗಿ ಬೇಕಾದವರು ಮತ್ತೊಮ್ಮೆ ಒತ್ತುತ್ತಾರೆ.

ಈ ಸೂತ್ರ ಮನೆಯಲ್ಲೂ ಶುರುಮಾಡಿದ್ದೇನೆ. ಅತ್ತೆ ಮೊದಲ ಸಲ ಕರೆದಾಗ ಏಳುವುದಿಲ್ಲ. ಕೈಯಲ್ಲಿದ್ದ ಸಾಲು ಮುಗಿಸುತ್ತೇನೆ. ನಿಜವಾಗಿ ಬೇಕಿದ್ದರೆ ಮತ್ತೆ ಕರೆಯುತ್ತಾರೆ. ಇವತ್ತು ಮೂರರಲ್ಲಿ ಒಂದು ಕರೆ ತಾನಾಗಿಯೇ ನಿಂತುಹೋಯಿತು. ಅಂದರೆ ಅದು ಬೇಕಿರಲಿಲ್ಲ ಎಂದೇ ಅರ್ಥ.

3 ನವೆಂಬರ್, ಭಾನುವಾರ

ದೀಪಾವಳಿ ಮುಗಿಯಿತು. ಆ್ಯಪ್ ಊರೂರಿಗೆ ಹೋಗಿದೆ. ಹಸಿರು ಗುಂಡಿ, ಪಕ್ಕದಲ್ಲಿ ಜೀಪಿನ ಚಿತ್ರ. ಅಷ್ಟಾಗಿ ಓದಲು ಬಾರದವರಿಗೂ ತಿಳಿಯಲಿ ಎಂದು ಭಿತ್ತಿಪತ್ರದ ಮೇಲಿನ ವಾಕ್ಯವನ್ನು ನಾನೇ ಆದಷ್ಟು ಚಿಕ್ಕದಾಗಿ ಬರೆದುಕೊಟ್ಟೆ: "ಒಂದು ಸಲ ಒತ್ತಿದರೆ ಸಾಕು, ಜೀಪು ಬರುತ್ತದೆ." ಉದಯಕುಮಾರ ಸರ್ ಅದನ್ನು ದೊಡ್ಡ ಅಕ್ಷರದಲ್ಲಿ ಹಾಕಿಸಿದ್ದಾರೆ.

ಕುಂಬಾರವಾಡದ ಆಶಾ ಕಾರ್ಯಕರ್ತೆ ಸುವರ್ಣಾ ಫೋನ್ ಮಾಡಿದ್ದಳು. ಅಲ್ಲಿ ಊರೊಳಗೆ ರೇಂಜ್ ಇಲ್ಲ. ಊರ ಹಿಂದಿನ ದಿಬ್ಬದ ಮೇಲೆ ಒಂದು ಬಂಡೆ ಇದೆಯಂತೆ, ಅದರ ಮೇಲೆ ನಿಂತರೆ ಬರುತ್ತದಂತೆ. "ಎಲ್ಲಾ ಹೆಣ್ಮಕ್ಕಳನ್ನೂ ಬಂಡೀ ಮ್ಯಾಲ ನಿಲ್ಲಿಸಿ ಕಲಿಸೇನ್ರಿ ಅಕ್ಕಾರ. ಭಾರೀ ಸೋಪಾ ಐತಿ ಅಂದ್ರು." ಸೋಪಾ ಎಂದರೆ ಸುಲಭ. ಇಲ್ಲಿಯವರ ಮರಾಠಿ.

12 ನವೆಂಬರ್, ಮಂಗಳವಾರ

ಎಲ್ಲ ಸರಾಗ. ದಾಂಡೇಲಿ ಆಫೀಸಿನವರು ದಿನವಿಡೀ ನೋಡುತ್ತಲೇ ಇರುವುದರಿಂದ ಹಗಲು ಅದು ಮಲಗುವುದೇ ಕಡಿಮೆ. ಸಂಜೆಯ ಮೇಲೆ ಮಲಗುತ್ತದೆ, ಬೆಳಿಗ್ಗೆ ಆಫೀಸ್ ತೆರೆದಾಗ ಏಳುತ್ತದೆ. ಕುಂಬಾರವಾಡದಿಂದ ಮಾತ್ರ ಒಂದೂ ಕೋರಿಕೆ ಬಂದಿಲ್ಲ. ಸುಗ್ಗಿಯ ಕಾಲ, ಎಲ್ಲರೂ ಗಟ್ಟಿಮುಟ್ಟಾಗಿರಬೇಕು.

ಮನೆಯಲ್ಲೂ ಶಾಂತಿ. ಅತ್ತೆ ಕರೆಯುವುದನ್ನು ಕಡಿಮೆ ಮಾಡಿದ್ದಾರೆ. ಸುಧಾರಿಸಿಕೊಳ್ಳುತ್ತಿದ್ದಾರೆ ಎಂದು ಕಾಣುತ್ತದೆ. ಇವತ್ತು ಮಧ್ಯಾಹ್ನದವರೆಗೆ ಎಡೆಬಿಡದೆ ಕೆಲಸ ಮಾಡಿದೆ. ಎಷ್ಟೋ ದಿನಗಳ ಮೇಲೆ ಹಗುರವೆನಿಸಿತು.

28 ನವೆಂಬರ್, ಗುರುವಾರ

ಅತ್ತೆಗೆ ಜ್ವರ. ಡಾಕ್ಟರು ಮನೆಗೇ ಬಂದು ನೋಡಿದರು. ಮೂತ್ರದ ಸೋಂಕು. "ನೀರು ಸಾಲವಲ್ದು. ಕುಡಸ್ರಿ" ಎಂದು ನನ್ನ ಮುಖ ನೋಡಿಯೇ ಹೇಳಿದರು. ನಾನೇನು ನೀರು ಕೊಡದೆ ಕೂತಿದ್ದೇನೆಯೇ? ದಿನಾ ತಲೆದೆಸೆಯಲ್ಲಿ ತಂಬಿಗೆ ತುಂಬಿ ಇಡುತ್ತೇನೆ. ಕುಡಿಯದಿದ್ದರೆ ಗಂಟಲಿಗೆ ಸುರಿಯಲೇ? ರುದ್ರೇಶನ ಮೇಲೆ ಹರಿಹಾಯ್ದೆ. ಅವನು ಶಿಫ್ಟ್ ಮುಗಿಸಿ ಬಂದವನು, ಉಣ್ಣದೆ ಮಲಗಿದ.

ತಿಂಗಳ ವರದಿ ಕಳಿಸಿದೆ. ಡೇಟಾಬೇಸ್ ಅರ್ಧಕ್ಕಿಂತ ಹೆಚ್ಚು ಹೊತ್ತು ಮಲಗಿಯೇ ಇತ್ತು. ಉದಯಕುಮಾರ ಸರ್ ಹೊಗಳಿದರು. ಹೊಗಳಿಕೆ ಬೇಕಾಗಿತ್ತು ನನಗೆ, ಅದನ್ನು ಮುಚ್ಚಿಡುವುದೇಕೆ.

9 ಡಿಸೆಂಬರ್, ಸೋಮವಾರ

ಕೆಟ್ಟ ಸುದ್ದಿ. ಕುಂಬಾರವಾಡದ ಆಚೆಯ ಒಂದು ಕೇರಿಯಲ್ಲಿ ಮಧುಮತಿ ಎಂಬ ಹುಡುಗಿ, ಚೊಚ್ಚಲ ಬಸುರಿ. ಶನಿವಾರ ನಸುಕಿನಲ್ಲಿ ನೋವು ಶುರುವಾಯಿತಂತೆ. ಜೀಪು ಹೋಗಲಿಲ್ಲ. ಹೊತ್ತೇರಿದ ಮೇಲೆ ಯಾರದೋ ಹಾಲಿನ ಟೆಂಪೋದಲ್ಲಿ ಕರೆದುಕೊಂಡು ಬರುವಾಗ ದಾರಿಯಲ್ಲೇ ಹೆರಿಗೆಯಾಗಿದೆ. ಕೂಸು ಉಳಿಯಲಿಲ್ಲ. ತಾಯಿ ಉಳಿದಿದ್ದಾಳೆ.

ಉದಯಕುಮಾರ ಸರ್ ಗಾಬರಿಯಲ್ಲಿ ಬಂದರು. "ಅವರು ಜೀಪ ಕೇಳಿದ್ರೇನು ನೋಡ್ರಿ ಮೊದಲ."

ನೋಡಿದೆ. ಶನಿವಾರ ಬೆಳಗಿನ ಜಾವ ಒಂದೂ ಕೋರಿಕೆ ಇಲ್ಲ. ಕುಂಬಾರವಾಡದಿಂದ ಇವತ್ತಿನವರೆಗೂ ಒಂದೂ ಇಲ್ಲ.

"ಹಂಗಾರ ಅವರು ಕೇಳೇ ಇಲ್ಲ" ಎಂದು ಅವರು ನೀರು ಕುಡಿದು ಹೋದರು. ನನಗೂ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಆಮೇಲೆ ಇಡೀ ದಿನ ಏನೂ ರುಚಿಸಲಿಲ್ಲ.

11 ಡಿಸೆಂಬರ್, ಬುಧವಾರ

ಸುವರ್ಣಾ ಫೋನ್ ಮಾಡಿದ್ದಳು. ಧ್ವನಿ ಗಡುಸಾಗಿತ್ತು.

"ಮಧುಮತಿ ಅತ್ತಿ ಗೋದುಬಾಯಿ ಬಂಡೀ ಮ್ಯಾಲ ಹೋಗಿ ಒತ್ತ್ಯಾಳ್ರಿ. ಕತ್ತಲದಾಗ ಒಬ್ಬಾಕೀನ ಹೋಗ್ಯಾಳ."

"ಒತ್ತಿದ್ರ ಇಲ್ಲೆ ಕಾಣಬೇಕಲ್ಲ ಸುವರ್ಣಾ. ಇಲ್ಲ."

"ನಿಮ್ಮ ಮಷೀನ್ನಾಗ ಇಲ್ಲ ಅಂದ್ರ ಆಕಿ ಸುಳ್ಳ ಹೇಳ್ತಾಳೇನ್ರಿ? ಆಕಿಗೆ ಸುಳ್ಳ ಹೇಳಿ ಬರೂದೇನೈತಿ?"

ಮತ್ತೆ ದಾಖಲೆ ತೆರೆದೆ. ಶನಿವಾರ ನಸುಕು. ಆಫೀಸ್ ತೆರೆದಿರಲಿಲ್ಲ. ಅದು ಮಲಗಿತ್ತು. ಆದರೆ ಮತ್ತೊಮ್ಮೆ ಪ್ರಯತ್ನಿಸಿ ಎಂದು ಬಂದಿರಲೇಬೇಕು. ಮತ್ತೊಮ್ಮೆ ಯಾಕೆ ಒತ್ತಲಿಲ್ಲ?

"ಬಂದು ನೋಡ್ರಿ ಒಮ್ಮೆ" ಎಂದಳು. ಭಾನುವಾರ ರುದ್ರೇಶನಿಗೆ ರಜೆ. ಹೋಗುತ್ತೇನೆ.

15 ಡಿಸೆಂಬರ್, ಭಾನುವಾರ

ಗೂಳಪ್ಪನ ಜೀಪಿನಲ್ಲಿ ಹೋಗಿ ಬಂದೆ. ಜೋಯಿಡಾದಲ್ಲಿ ಬೀಡುಬಿಟ್ಟಿರುವ ಡ್ರೈವರ್ ಅವನೇ. ದಾರಿಯುದ್ದಕ್ಕೂ ಅವನು ಒಂದೇ ಮಾತು ಹೇಳಿದ: "ನನ್ನ ಫೋನ್ ತೆಲಿದಿಂಬಿನ ಕೆಳಗ ಇತ್ರಿ. ಬಡಕೊಂಡಿದ್ರ ಏಳದ ಇರ್ತಿದ್ದಿಲ್ಲ." ಅವನ ಕಣ್ಣು ಕೆಂಪಾಗಿದ್ದವು. ನಾನು ಕಿಟಕಿಯ ಕಡೆ ನೋಡುತ್ತ ಕೂತೆ.

ಸುವರ್ಣಾ ನೇರವಾಗಿ ದಿಬ್ಬಕ್ಕೆ ಕರೆದುಕೊಂಡು ಹೋದಳು. ಮೂರು ನಾಲ್ಕು ಹೆಂಗಸರು ಬಂದಿದ್ದರು. ಬಂಡೆಯ ಮೇಲೆ ಇಬ್ಬರು ನಿಲ್ಲುವಷ್ಟು ಜಾಗ. ಕೆಳಗೆ ಕೊಯ್ದ ಭತ್ತದ ಗದ್ದೆ, ಹುಲ್ಲಿನ ಬಣವೆ. ಲಕ್ಷ್ಮಿ ಎಂಬಾಕೆಗೆ, "ಜೀಪ ಬೇಕಾದ್ರ ಹೆಂಗ ಮಾಡ್ತಿ, ತೋರ್ಸು" ಎಂದೆ. ಅವಳು ಬಂಡೆ ಹತ್ತಿ ಫೋನ್ ಎತ್ತಿ ಹಿಡಿದು, ಹಸಿರು ಗುಂಡಿ ಒತ್ತಿ, ಪರದೆ ಆರಿಸಿ, ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿಯತೊಡಗಿದಳು. ಎಲ್ಲ ಒಂದೇ ಉಸಿರಿನಲ್ಲಿ.

"ಏನ ಬಂತು ಅಂತ ನೋಡಂಗಿಲ್ಲೇನು?"

"ಏನ ನೋಡೂದ್ರಿ? ಕೊಟ್ಟಾತಲ್ಲ."

ಇನ್ನೊಬ್ಬಳಿಗೆ ಹೇಳಿದೆ. ಅವಳೂ ಹಾಗೆಯೇ ಮಾಡಿದಳು. ಮತ್ತೊಬ್ಬಳೂ. ನಾನು ಬಂಡೆಯ ಮೇಲೆ ಕೂತುಬಿಟ್ಟೆ.

ಸುವರ್ಣಾ ಬಿಡಿಸಿ ಹೇಳಿದಳು. ಇಲ್ಲಿಗೆ ಬಸ್ಸು ಬರುವುದೇ ಅಪರೂಪ. ಕಂಡಕ್ಟರು ಹಿಂದಿನ ಊರು ಬಿಡುವಾಗ ಬಂಡೆಯ ಮೇಲಿರುವ ಯಾರಿಗಾದರೂ ಒಂದು ಮಿಸ್ ಕಾಲ್ ಕೊಡುತ್ತಾನೆ, ಜನ ರಸ್ತೆಗೆ ಬರುತ್ತಾರೆ. ಗದ್ದೆಗೆ ಆಳು ಬೇಕಾದರೆ ಒಂದು ಮಿಸ್ ಕಾಲ್. ಅಕ್ಕಿ ಬಂತೆಂದರೆ ಒಂದು ಮಿಸ್ ಕಾಲ್. ಈಗ ಮಾತಿಗೆ ದುಡ್ಡು ಹೋಗುವುದಿಲ್ಲ, ಆದರೂ ರೂಢಿ ಬಿಟ್ಟಿಲ್ಲ. ಕೊಟ್ಟವರು ಉತ್ತರಕ್ಕೆ ಕಾಯುವುದಿಲ್ಲ. ಎತ್ತಿಕೊಂಡು ಹಲೋ ಅಂದವನನ್ನು ತಿಳಿಗೇಡಿ ಎನ್ನುತ್ತಾರೆ. ಎರಡನೇ ಸಲ ಕೊಟ್ಟರೆ ಮೊದಲಿನದು ರದ್ದು, ಬರಬೇಡ ಎಂದು ಅರ್ಥ.

ಎರಡನೇ ಸಲ ಕೊಟ್ಟರೆ ಬರಬೇಡ ಎಂದು ಅರ್ಥ. ಇದನ್ನು ನಾನು ಯಾರನ್ನೂ ಕೇಳಿರಲಿಲ್ಲ. ದಾಂಡೇಲಿಯ ಮನೆಯಲ್ಲಿ ಕೂತು ಪರೀಕ್ಷೆ ಮಾಡಿದವಳು ನಾನು.

ಗೋದುಬಾಯಿಯ ಮನೆಗೆ ಹೋದೆವು. ಅಂಗಳದ ಕಂಬಕ್ಕೆ ನಮ್ಮ ಭಿತ್ತಿಪತ್ರ ಅಂಟಿಸಿದ್ದರು. ಒಂದು ಸಲ ಒತ್ತಿದರೆ ಸಾಕು. ಮಧುಮತಿ ಒಳಗೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಎದೆಯ ಹಾಲು ಕಟ್ಟಿ ಜ್ವರ ಬಂದಿತ್ತೆಂದು ಸುವರ್ಣಾ ಪಿಸುಗುಟ್ಟಿದಳು.

ಗೋದುಬಾಯಿ ಮಾತನಾಡಿದ್ದು ಮರಾಠಿ, ಕೊಂಕಣಿ ಕೂಡಿದ ಮಾತಿನಲ್ಲಿ. ಸುವರ್ಣಾ ಕನ್ನಡ ಮಾಡಿದಳು. ಆ ನಸುಕಿನಲ್ಲಿ ಟಾರ್ಚ್ ಹಿಡಿದು ದಿಬ್ಬ ಹತ್ತಿದ್ದು, ಒತ್ತಿದ್ದು, ಇಳಿದು ಬಂದು ಸೊಸೆಗೆ ಸೀರೆ ಉಡಿಸಿ, ರಸ್ತೆಯವರೆಗೆ ನಡೆಸಿಕೊಂಡು ಹೋಗಿ ಕೂತದ್ದು. ಹೊತ್ತು ಮೂಡಿದ ಮೇಲೂ ಯಾರೋ ಮತ್ತೊಮ್ಮೆ ಹೋಗಿ ಒತ್ತು ಎಂದಾಗ ಬೇಡ, ಬರುತ್ತಿದ್ದ ಜೀಪು ತಿರುಗಿ ಹೋದೀತು ಎಂದು ಈಕೆಯೇ ತಡೆದದ್ದು.

ಕೊನೆಗೆ ನನ್ನ ಕಡೆ ತಿರುಗಿ ಕನ್ನಡದಲ್ಲೇ ಹೇಳಿದಳು. "ನಾ ಕೊಟ್ಟೆ. ನೀವು ಬರ್ಲಿಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ತಪ್ಪು ನನ್ನದು ಎಂದೆ. ನೀವು ಒತ್ತಿದ್ದು ಬಂದಿತ್ತು, ಅದನ್ನು ತೆಗೆದುಕೊಳ್ಳಬೇಕಾದ್ದು ಮಲಗಿತ್ತು, ಮಲಗಲಿ ಎಂದು ಬಿಟ್ಟವಳು ನಾನು. ಸುವರ್ಣಾ ಅದನ್ನು ಹೇಗೆ ಹೇಳಿದಳೋ ತಿಳಿಯದು. ಗೋದುಬಾಯಿ ತುಸು ಹೊತ್ತು ನನ್ನನ್ನು ನೋಡಿ, ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟಳು. ಮನೆಗೆ ಬಂದವರಿಗೆ ಕೊಡಬೇಕಲ್ಲ. ಕುಡಿದು ಲೋಟ ಮರಳಿಸಿದೆ.

ಬರುವಾಗ ಜೀಪಿನಲ್ಲಿ ನನ್ನ ಕಣ್ಣೀರು ನಿಲ್ಲಲಿಲ್ಲ. ಗೂಳಪ್ಪ ನೋಡಿಯೂ ನೋಡದವನ ಹಾಗೆ ಓಡಿಸಿದ.

17 ಡಿಸೆಂಬರ್, ಮಂಗಳವಾರ

ಉದಯಕುಮಾರ ಸರ್‌ಗೆ ಎಲ್ಲ ಹೇಳಿದೆ. ತಲೆ ಮೇಲೆ ಕೈ ಹೊತ್ತು ಕೂತರು.

"ರೊಕ್ಕಾ ಕೊಡೋರಿಗೆ ಹಿಂಗ ಬರದ್ರ ಸಂಸ್ಥೇನ ಮುಚ್ಚತೈತಿ ಮೇಡಂ. ಅವರಿಗೆ ಬಳಸಾಕ ಬರಲಿಲ್ಲ ಅಂತ ಬರೀರಿ. ಸುಳ್ಳೇನಲ್ಲಲ್ಲ ಅದು."

"ಅವರಿಗೆ ಬಳಸಾಕ ಬರ್ತಿತ್ರಿ. ಒಂದ ಸಲ ಒತ್ತಿದ್ರ ಸಾಕು ಅಂದಿದ್ವಿ, ಒಂದ ಸಲ ಒತ್ತ್ಯಾರ. ನಮಗ ಓ ಅನ್ನಾಕ ಬರಲಿಲ್ಲ."

ಅವರು ಎದ್ದು ಹೋದರು. ಸಂಜೆ ಫೋನ್ ಮಾಡಿ, "ಇದ್ದದ್ದ ಇದ್ದಂಗ ಬರೀರಿ. ಏನಾಕ್ಕೈತಿ ನೋಡೂಣು" ಎಂದರು. ಅವರೂ ಒಂದೇ ದಿನದಲ್ಲಿ ಮುದುಕರಾಗಿದ್ದಾರೆ.

ಮೊದಲ ಕೆಲಸ, ಕನಿಷ್ಠ ಮಟ್ಟದ ಆ ಸೊನ್ನೆಯನ್ನು ತೆಗೆದೆ. ಇನ್ನು ಅದು ಮಲಗುವುದಿಲ್ಲ.

ಅತ್ತೆಯ ಹಾಸಿಗೆಯ ಚಾದರ ಬದಲಿಸುವಾಗ ತಂಬಿಗೆ ನೋಡಿದೆ. ಬೆಳಿಗ್ಗೆ ತುಂಬಿಟ್ಟದ್ದು ಹಾಗೇ ಇತ್ತು.

"ಡಾಕ್ಟರು ಅಷ್ಟ ಹೇಳ್ಯಾರ. ಯಾಕ ಕುಡಿಯಂಗಿಲ್ಲ ನೀವು?"

ಅತ್ತೆ ಮುಖ ಆಚೆ ಮಾಡಿದರು. "ಕುಡದ್ರ ಮತ್ತ ಕರೀಬೇಕಾಕ್ಕೈತಿ."

"ಕರೀರಿ. ಅದಕ್ಕೇನಾತು?"

"ನೀ ಕೆಲಸದಾಗ ಇರ್ತಿ."

ಚಾದರ ಹೊದಿಸಿ ಬಂದೆ.

2 ಜನವರಿ 2025, ಗುರುವಾರ

ಆ್ಯಪನ್ನು ಬಿಚ್ಚಿ ಹೊಸದಾಗಿ ಕಟ್ಟಿದೆ. ಈಗ ಗುಂಡಿಯ ಜತೆಗೆ ಒಂದು ಫೋನ್ ನಂಬರು. ಯಾವ ಫೋನಿನಿಂದ ಬೇಕಾದರೂ ಒಂದು ಮಿಸ್ ಕಾಲ್ ಕೊಟ್ಟರೆ ಸಾಕು. ಆಶಾ ಕಾರ್ಯಕರ್ತೆಯರ ಪಟ್ಟಿ ನೋಡಿ, ಕರೆದ ನಂಬರು ಯಾವ ಊರಿನದು, ಹತ್ತಿರದ ಜೀಪು ಯಾವುದು ಎಂದು ಡೇಟಾಬೇಸೇ ಹುಡುಕಿ ಡ್ರೈವರನ ಫೋನ್ ಬಾರಿಸುತ್ತದೆ. ಬಾಗಿಲಲ್ಲಿ ಒಂದು ಸರತಿ ಸಾಲು ಇಟ್ಟಿದ್ದೇನೆ. ಒಳಗೆ ಏನೇ ತಡವಾದರೂ ಬಂದ ಕರೆ ಅಲ್ಲೇ ಕೂತಿರುತ್ತದೆ, ಬಿದ್ದುಹೋಗುವುದಿಲ್ಲ. ಇದೆಲ್ಲ ಅಕ್ಟೋಬರಿನಲ್ಲೇ ಮಾಡಬಹುದಿತ್ತು. ಒಂದು ವಾರದ ಕೆಲಸ.

ಸಂಸ್ಥೆಗೆ ನೆರವು ಕೊಡುವವರಲ್ಲಿ ಒಬ್ಬರು ಕೈಬಿಟ್ಟಿದ್ದಾರೆ. ಉಳಿದವರು ನೋಡುತ್ತೇವೆ ಎಂದಿದ್ದಾರೆ.

ನನ್ನ ಮೇಜನ್ನು ಅತ್ತೆಯ ಕೋಣೆಗೆ ಎಳೆದು ಹಾಕಿದೆ. ಅಲ್ಲಿ ವೈಫೈ ಚೆನ್ನಾಗಿ ಸಿಗುತ್ತದೆ. ರುದ್ರೇಶ, "ವೈಫೈ ಡಬ್ಬಿ ಹಿಂದಿನ ಖೋಲಿಯೊಳಗೈತಲ್ಲ" ಎಂದ. ಅವನಿಗೇನು ಗೊತ್ತು.

14 ಜನವರಿ, ಮಂಗಳವಾರ

ಸಂಕ್ರಾಂತಿ. ಅತ್ತೆಗೆ ಎಳ್ಳು ಬೆಲ್ಲ ಕೊಟ್ಟೆ. ನಾನು ಕೇಳಿದರೆ ನೀರು ಕುಡಿಯುತ್ತಾರೆ, ಕೇಳಿದರೆ ಬೆಡ್‌ಪ್ಯಾನ್ ಬೇಕು ಎನ್ನುತ್ತಾರೆ. ತಾವಾಗಿ ಒಂದು ಮಾತೂ ಇಲ್ಲ. ಒಂದು ಕಾಲದಲ್ಲಿ ಪೇಟೆಯ ಈ ತುದಿಯಿಂದ ಆ ತುದಿಗೆ ಕೇಳುವಂತೆ ಕೂಗುತ್ತಿದ್ದ ಹೆಂಗಸು.

ಕುಂಬಾರವಾಡದಿಂದಲೂ ಕರೆ ಇಲ್ಲ. ಸುವರ್ಣಾ ಹೊಸ ನಂಬರನ್ನು ಮನೆಮನೆಗೆ ಹೇಳಿ ಬಂದಳಂತೆ. ಎಲ್ಲರೂ ಹೂಂ ಎಂದರಂತೆ. ಮೊನ್ನೆ ಒಬ್ಬ ಮುದುಕ ಕುಡುಗೋಲು ತಾಗಿ ಕಾಲು ಕೊಯ್ದುಕೊಂಡಾಗ ಅವನನ್ನು ಕಂಬಳಿಯಲ್ಲಿ ಹೊತ್ತುಕೊಂಡು ರಸ್ತೆಗೆ ಬಂದರೇ ಹೊರತು ಯಾರೂ ಮಿಸ್ ಕಾಲ್ ಕೊಡಲಿಲ್ಲ. ಮಧುಮತಿ ತವರಿಗೆ ಹೋಗಿದ್ದಾಳೆ.

ಡೇಟಾಬೇಸ್ ಎಚ್ಚರವಾಗಿದೆ. ಸುಮ್ಮನೆ ಕೂತಿದೆ.

4 ಫೆಬ್ರವರಿ, ಮಂಗಳವಾರ

ಇಲ್ಲ.

27 ಫೆಬ್ರವರಿ, ಗುರುವಾರ

ನಿನ್ನೆ ಶಿವರಾತ್ರಿ. ಅತ್ತೆ ಮಲಗಿದಲ್ಲೇ ಉಪವಾಸ ಮಾಡಿದರು, ಬೇಡವೆಂದರೂ ಕೇಳಲಿಲ್ಲ. ಇವತ್ತು ಬೆಳಿಗ್ಗೆ ಉಪ್ಪಿಟ್ಟು ತಿಂದಿದ್ದರು. ನಾನು ಮೇಜಿನ ಮುಂದೆ ಕೂತಿದ್ದೆ, ಅವರಿಗೆ ಬೆನ್ನು ಮಾಡಿ.

ಮಧ್ಯಾಹ್ನ ಪರದೆಯ ಮೇಲೆ ಒಂದು ಹೊಸ ಸಾಲು ಮೂಡಿತು. ಊರು: ಕುಂಬಾರವಾಡ. ಕೂಡಲೇ ಗೂಳಪ್ಪನ ಹೆಸರಿನ ಮುಂದೆ ಹಸಿರು ಬಂತು. ಹೊರಟ ಎಂದು ಅರ್ಥ. ಯಾರಿಗೆ ಏನಾಗಿದೆಯೋ ಎಂದು ಹೆದರಿಕೆ, ಆದರೂ ಕರೆದರಲ್ಲ ಎಂದು ಸಂತೋಷ. ಎರಡೂ ಒಟ್ಟಿಗೆ ಬಂದು ಕಣ್ಣು ತುಂಬಿತು. ನಾಚಿಕೆಗೆಟ್ಟ ಮನಸ್ಸು.

ಸುಮಾರು ಹೊತ್ತಿನ ಮೇಲೆ ಗೂಳಪ್ಪ ಜೋಯಿಡಾಕ್ಕೆ ಮರಳಿ ಫೋನ್ ಮಾಡಿದ. ಸಿಟ್ಟಾಗಿದ್ದ.

"ಪೇಶಂಟೇ ಇಲ್ರೀ ಅಕ್ಕಾರ. ರೋಡಿಗೆ ಆ ಗೋದುಬಾಯಿ ನಿಂತಿದ್ಲು, ಜೋಡಿ ಇಬ್ರು ಹೆಣ್ಮಕ್ಕಳು. ಯಾರಿಗೆ ಆರಾಮಿಲ್ಲ ಅಂದೆ. ಯಾರಿಗೂ ಇಲ್ಲ ಅಂದ್ಲು. ಜೀಪಿನ ಸುತ್ತ ಒಂದ ಸುತ್ತ ಹಾಕಿದ್ಲು, ಒಳಗ ಹಣಿಕಿ ನೋಡಿದ್ಲು. ಬಂತು, ಹೋಗು ಇನ್ನ ಅಂದ್ಲು. ಖಾಲಿ ಜೀಪ ತಿರಿಗಿಸಿಕೊಂಡ ಬಂದೇನಿ."

ಅವನ ಹಿಂದೆಯೇ ಉದಯಕುಮಾರ ಸರ್. ಹೀಗೆ ಸುಮ್ಮಸುಮ್ಮನೆ ಕರೆಯುವವರನ್ನು ತಡೆಯಲು ಏನಾದರೂ ಮಾಡಲು ಬರುತ್ತದೆಯೇ ಎಂದರು. ಬರುವುದಿಲ್ಲ ಎಂದೆ. ಬರುತ್ತದೆ, ಮಾಡುವುದಿಲ್ಲ.

ಫೋನ್ ಇಟ್ಟ ಮೇಲೆ ಹಿಂದಿನಿಂದ ಅತ್ತೆ ಕೇಳಿದರು. "ಏನಂತ?"

ಹೇಳಿದೆ. ಅವರು ತೊಲೆ ನೋಡುತ್ತ, "ಹೊಸಾ ಅಂಗಡಿಗೆ ಮೊದಲನೇ ದಿನಾನ ಯಾರೂ ಸಂತಿ ಮಾಡಂಗಿಲ್ಲವಾ. ಚೂರ ಬೆಲ್ಲಾ ತಗೊಂಡ ತಕ್ಕಡಿ ನೋಡ್ತಾರ. ಒಮ್ಮೆ ಮೋಸ ಆದ ಅಂಗಡಿ ಇದ್ರಂತೂ ಹೇಳೂದ ಬ್ಯಾಡ" ಎಂದರು. ಇಷ್ಟು ಉದ್ದದ ಮಾತನ್ನು ಅವರು ಆಡಿ ತಿಂಗಳುಗಳಾಗಿದ್ದವು.

ನಾನು ಮತ್ತೆ ಪರದೆಯ ಕಡೆ ತಿರುಗಿದೆ. ಆ ಸಾಲಿನ ಮುಂದೆ ಕಾರಣ ಬರೆಯುವ ಜಾಗ ಖಾಲಿ ಇತ್ತು. ಅದನ್ನು ಹಾಗೇ ಬಿಟ್ಟೆ. ಬೇರೆ ಕೆಲಸ ತೆಗೆದುಕೊಂಡೆ.

"ದ್ರಾಕ್ಷಾ."

ಸಣ್ಣ ಧ್ವನಿ. ಒಂದೇ ಸಲ.

"ಓ" ಎಂದೆ. ಆಗಲೇ ಎದ್ದು ನಿಂತಿದ್ದೆ. "ಏನ ಬೇಕಿತ್ರಿ?"

ಅತ್ತೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಏನಿಲ್ಲ. ಮಾಡ್ಕೋ ಹೋಗು ನಿನ್ನ ಕೆಲಸ."

ಕೂತೆ. ಸ್ವಲ್ಪ ಹೊತ್ತಾದ ಮೇಲೆ ನನ್ನ ಬೆನ್ನ ಹಿಂದೆ ತಂಬಿಗೆ ಎತ್ತಿದ ಸಪ್ಪಳ ಕೇಳಿತು. ಆಮೇಲೆ ನೀರು ಕುಡಿದ ಸಪ್ಪಳ.